ರಕ್ಷಣೆ 99 ಇದ್ದರೆ ಪೂರ್ತಿ ಪೆಟ್ಟು, 100 ಆದರೆ ಸೊನ್ನೆ: ನನ್ನ ಲೆಕ್ಕ ಎಲ್ಲಿ ತಪ್ಪಿದೆ?

ಮೊದಲಹೆಜ್ಜೆ:

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿನಿಂದ ಆಟ ತಯಾರಿಸುವ ತಂತ್ರಾಂಶವಾದ ಗೊಡೋ ಎಂಜಿನ್‌ನಲ್ಲಿ ಒಂದು ಸಣ್ಣ ಆಟ ಕಟ್ಟುತ್ತಿದ್ದೇನೆ. ಗುಹೆಯೊಳಗೆ ಓಡಾಡುವುದು, ಎದುರಾದ ಶತ್ರುಗಳೊಡನೆ ಹೋರಾಡುವುದು, ಬಿದ್ದ ವಸ್ತುಗಳನ್ನು ಆರಿಸಿಕೊಳ್ಳುವುದು, ಇಷ್ಟೇ ಆಟ. ಇದಕ್ಕೆ ಮುಂಚೆ ಪೈಥಾನ್ ಭಾಷೆ ಅಷ್ಟಿಷ್ಟು ಕಲಿತಿದ್ದೆ. ಗೊಡೋದ ಭಾಷೆಯಾದ ಜಿಡಿಸ್ಕ್ರಿಪ್ಟ್ ನೋಡುವುದಕ್ಕೆ ಅದರಂತೆಯೇ ಇರುವುದರಿಂದ ಧೈರ್ಯ ಬಂದಿತ್ತು. ಈಗ ಎರಡು ವಾರದಿಂದ ಒಂದೇ ಕಡೆ ಸಿಕ್ಕಿಕೊಂಡಿದ್ದೇನೆ.

ಆಟ ನಿಂತುಹೋಗುವುದಿಲ್ಲ, ಕೆಂಪು ಅಕ್ಷರದ ಎರರ್ ಒಂದೂ ಬರುವುದಿಲ್ಲ. ಆದರೆ ಲೆಕ್ಕ ಸರಿಯಿಲ್ಲ. ಹೆಸರುಗಳನ್ನು ಕನ್ನಡಕ್ಕೆ ಬದಲಿಸಿ ಸಾಲುಗಳನ್ನು ಕೆಳಗೆ ಕೊಟ್ಟಿದ್ದೇನೆ. ಎಲ್ಲ ವೇರಿಯಬಲ್‌ಗಳೂ (ಸಂಖ್ಯೆ ಇಟ್ಟುಕೊಳ್ಳುವ ಹೆಸರುಗಳು) ಪೂರ್ಣಾಂಕಗಳು.

ಕಡಿತ = ರಕ್ಷಣೆ / 100 * ಬಲ
ಪೆಟ್ಟು = ಬಲ - ಕಡಿತ
ಜೀವ = ಜೀವ - ಪೆಟ್ಟು
ಪಟ್ಟಿಯ_ಉದ್ದ = ಜೀವ / ಗರಿಷ್ಠ_ಜೀವ * 200
ಜೀವ == 0 ಆದರೆ: ಸಾಯಿಸು()

ಬಲ 35, ರಕ್ಷಣೆ 20 (ಅಂದರೆ ಶೇಕಡಾ 20 ಪೆಟ್ಟು ತಡೆಯಬೇಕು) ಇಟ್ಟರೆ ಪೆಟ್ಟು 28 ಆಗಬೇಕು, 35 ಆಗುತ್ತಿದೆ. ರಕ್ಷಣೆಯ ಸಂಖ್ಯೆಯನ್ನು ಏರಿಸುತ್ತ ಹೋದೆ. 50, 80, 99, ಯಾವುದಕ್ಕೂ ಪೆಟ್ಟು 35ರಿಂದ ಕದಲಲಿಲ್ಲ. 100 ಹಾಕಿದ ಕೂಡಲೇ ಪೆಟ್ಟು ಸೊನ್ನೆ! ಶತ್ರುವಿನ ತಲೆಯ ಮೇಲಿನ ಜೀವದ ಪಟ್ಟಿಯೂ ಮೊದಲ ಪೆಟ್ಟಿಗೇ ಪೂರ್ತಿ ಮಾಯವಾಗುತ್ತದೆ, ಶತ್ರು ಮಾತ್ರ ಓಡಾಡಿಕೊಂಡಿರುತ್ತಾನೆ. ಇನ್ನೂ ಒಂದು ವಿಚಿತ್ರ. ಮೊದಲು ಬಲ 25 ಇದ್ದಾಗ ನಾಲ್ಕನೇ ಪೆಟ್ಟಿಗೆ ಶತ್ರು ಸಾಯುತ್ತಿದ್ದ. ಬಲವನ್ನು 35ಕ್ಕೆ ಏರಿಸಿದ ಮೇಲೆ ಎಷ್ಟು ಹೊಡೆದರೂ ಸಾಯುವುದಿಲ್ಲ. ಬಲ ಹೆಚ್ಚಾದರೆ ಬೇಗ ಸಾಯಬೇಕಲ್ಲವೇ?

ಎಂಜಿನ್‌ನಲ್ಲೇ ದೋಷವಿರಬಹುದೇ ಎಂಬ ಅನುಮಾನವೂ ಬಂದಿದೆ. ದಯವಿಟ್ಟು ದಾರಿ ತೋರಿಸಿ.

ಬಾಣಬಿಲ್ಲು:

ಸಾಯದ ಶತ್ರುವಿಗೆ ಮಾತ್ರ ಉತ್ತರ ಹೇಳುತ್ತೇನೆ. ಕೊನೆಯ ಸಾಲಿನ == (ಸರಿಯಾಗಿ ಸಮ) ತೆಗೆದು “ಸಮ ಅಥವಾ ಕಡಿಮೆ” ಎನ್ನುವ <= ಹಾಕಿ. ಉಳಿದದ್ದನ್ನು ಬಲ್ಲವರು ಹೇಳಲಿ.

ಕಾಗದಪೆನ್ನು:

ಮೊದಲಹೆಜ್ಜೆಯವರೇ, ನಿಮ್ಮ ಪ್ರಶ್ನೆಯೊಳಗೇ ಉತ್ತರ ಕುಳಿತಿದೆ. 99ರವರೆಗೆ ಒಂದಿಷ್ಟೂ ಪರಿಣಾಮವಿಲ್ಲ, 100ಕ್ಕೆ ಒಮ್ಮೆಲೇ ಪೂರ್ತಿ ಪರಿಣಾಮ. ಇದನ್ನು ಗಮನಿಸಿ ಬರೆದಿದ್ದೀರಲ್ಲ, ಅದು ಬಹಳ ಬೆಲೆಯುಳ್ಳ ಸುಳಿವು. ಎರಡು ವಾರ ವ್ಯರ್ಥವಾಯಿತೆಂದು ನೊಂದುಕೊಳ್ಳಬೇಡಿ.

ಒಂದು ಕಾಗದ ತೆಗೆದುಕೊಂಡು ಮೊದಲ ಸಾಲನ್ನು ಯಂತ್ರ ಮಾಡುವ ಕ್ರಮದಲ್ಲೇ ಬಿಡಿಸಿ. ಭಾಗಾಕಾರಕ್ಕೂ ಗುಣಾಕಾರಕ್ಕೂ ಒಂದೇ ದರ್ಜೆ, ಆದ್ದರಿಂದ ಎಡದಿಂದ ಬಲಕ್ಕೆ ನಡೆಯುತ್ತದೆ. ಮೊದಲು 20 / 100. ನೀವು ಕಾಗದದ ಮೇಲೆ 0.2 ಎಂದು ಬರೆಯುತ್ತೀರಿ. ಜಿಡಿಸ್ಕ್ರಿಪ್ಟ್ 0 ಎಂದು ಬರೆಯುತ್ತದೆ. ಎರಡೂ ಪೂರ್ಣಾಂಕಗಳಾಗಿದ್ದರೆ ಉತ್ತರವೂ ಪೂರ್ಣಾಂಕವೇ ಆಗಬೇಕೆಂಬುದು ಅದರ ನಿಯಮ. ಬಿಂದುವಿನ ನಂತರದ್ದನ್ನು ಕತ್ತರಿಸಿ ಎಸೆಯುತ್ತದೆ. ಸೊನ್ನೆಯನ್ನು 35ರಿಂದ ಗುಣಿಸಿದರೂ ಸೊನ್ನೆಯೇ. ಕಡಿತವಿಲ್ಲ, ಪೂರ್ತಿ ಪೆಟ್ಟು. 99 / 100 ಕೂಡ ಸೊನ್ನೆ. 100 / 100 ಮಾತ್ರ 1, ಆಗ ಕಡಿತ 35, ಪೆಟ್ಟು ಸೊನ್ನೆ. ಎಂಜಿನ್ ತನ್ನ ನಿಯಮವನ್ನು ಒಂದಿಷ್ಟೂ ಮೀರಿಲ್ಲ.

ಜೀವದ ಪಟ್ಟಿಯದೂ ಇದೇ ಕಥೆ. ಜೀವ 100 ಇರುವವರೆಗೆ 100 / 100 ಎಂದರೆ 1, ಉದ್ದ 200. ಒಂದೇ ಒಂದು ಕಡಿಮೆಯಾಗಿ 99 ಆದರೂ ಸಾಕು, ಭಾಗಲಬ್ಧ ಸೊನ್ನೆ, ಪಟ್ಟಿ ಮಾಯ.

ಪೈಥಾನ್‌ನಿಂದ ಬಂದವರು ಇಲ್ಲಿ ಬೀಳುವುದಕ್ಕೆ ಸ್ಪಷ್ಟ ಕಾರಣವಿದೆ. 2008ರಲ್ಲಿ ಬಂದ ಪೈಥಾನ್ 3ರಲ್ಲಿ ಒಂದು ಓರೆಗೆರೆ (/) ಯಾವಾಗಲೂ ದಶಮಾಂಶದ ಉತ್ತರ ಕೊಡುತ್ತದೆ; ಕತ್ತರಿಸಿದ ಉತ್ತರ ಬೇಕಾದರೆ ಎರಡು ಓರೆಗೆರೆ ಹಾಕಬೇಕು. ಲುವಾ ಎಂಬ ಭಾಷೆಯಲ್ಲೂ ಹಾಗೆಯೇ, 2015ರ 5.3ನೇ ಆವೃತ್ತಿಯಿಂದ ಎರಡು ಓರೆಗೆರೆಯ ಭಾಗಾಕಾರ ಪ್ರತ್ಯೇಕವಾಗಿ ಇದೆ. ಜಿಡಿಸ್ಕ್ರಿಪ್ಟ್, ಸಿ ಶಾರ್ಪ್, ಜಾವಾ, ಸಿ ಇವೆಲ್ಲ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಪೂರ್ಣಾಂಕವನ್ನೇ ಕೊಡುವ ಗುಂಪು. ಜಿಡಿಸ್ಕ್ರಿಪ್ಟ್‌ನ ಮುಖ ಪೈಥಾನ್‌ನದು, ಭಾಗಾಕಾರ ಸಿ ಭಾಷೆಯದು. ಕಣ್ಣಿಗೆ ಪರಿಚಯವಾದದ್ದು ಕಂಡಾಗ ನಿಯಮವೂ ಪರಿಚಯದ್ದೇ ಎಂದು ಮನಸ್ಸು ತಾನಾಗಿಯೇ ನಂಬಿಬಿಡುತ್ತದೆ. ಅಂದ ಹಾಗೆ, ನಿಮ್ಮ ಎಡಿಟರ್‌ನ ಕೆಳಗಡೆ ಹಳದಿ ಬಣ್ಣದ ಎಚ್ಚರಿಕೆಗಳ ಸಂಖ್ಯೆ ಕಾಣುತ್ತಿರಬೇಕು. ತೆರೆದು ನೋಡಿ. ದಶಮಾಂಶ ಭಾಗವನ್ನು ಕೈಬಿಡಲಾಗುತ್ತದೆ ಎಂಬ ಅರ್ಥದ ಎಚ್ಚರಿಕೆ ಅಲ್ಲಿ ಬಹುಶಃ ಎರಡು ವಾರದಿಂದ ಕಾಯುತ್ತಿದೆ.

ತಿದ್ದುವುದು ಸುಲಭ. ಮೊದಲು ಗುಣಿಸಿ, ಕೊನೆಗೆ ಭಾಗಿಸಿ:

ಕಡಿತ = ರಕ್ಷಣೆ * ಬಲ / 100

20 * 35 ಎಂದರೆ 700, ಅದನ್ನು 100ರಿಂದ ಭಾಗಿಸಿದರೆ 7, ಪೆಟ್ಟು 28. ಅಥವಾ 100 ಎನ್ನುವಲ್ಲಿ 100.0 ಎಂದು ಬರೆಯಿರಿ. ಒಂದು ಕಡೆ ದಶಮಾಂಶ ಸಂಖ್ಯೆ ಸೇರಿದರೆ ಉತ್ತರವೂ ದಶಮಾಂಶವಾಗುತ್ತದೆ. ಪಟ್ಟಿಗೂ ಹೀಗೆಯೇ ಮಾಡಿ: ಜೀವ * 200 / ಗರಿಷ್ಠ_ಜೀವ. ಜೀವ 72 ಇದ್ದರೆ ಉದ್ದ 144.

ಇನ್ನು ಸಾಯದ ಶತ್ರು. ಬಾಣಬಿಲ್ಲು ಅವರು ಹೇಳಿದ ತಿದ್ದುಪಡಿ ಸರಿ. ಆದರೆ ಮೊದಲು ಏಕೆ ಸಾಯುತ್ತಿದ್ದ ಎಂಬುದನ್ನೂ ಬಿಡಿಸಿಕೊಳ್ಳಿ. 25ರ ಪೆಟ್ಟು: 100, 75, 50, 25, 0. ಸರಿಯಾಗಿ ಸೊನ್ನೆಯ ಮೇಲೆ ಕಾಲಿಟ್ಟಿತು. 35ರ ಪೆಟ್ಟು: 100, 65, 30, ಮೈನಸ್ 5. ಸೊನ್ನೆಯನ್ನು ಹಾರಿಕೊಂಡು ಹೋಯಿತು. ನಿಮ್ಮ ಷರತ್ತು ಕೇಳುತ್ತಿರುವುದು “ಸರಿಯಾಗಿ ಸೊನ್ನೆಯಾಗಿದೆಯೇ” ಎಂದು. ನೀವು ಕೇಳಬೇಕೆಂದಿದ್ದದ್ದು “ಜೀವ ಮುಗಿದಿದೆಯೇ” ಎಂದು. ಆ ಸಾಲು ಮೊದಲಿನಿಂದಲೂ ತಪ್ಪಾಗಿತ್ತು. 100ನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆ ಇಟ್ಟಿದ್ದರಿಂದ ತಪ್ಪು ಮರೆಯಾಗಿತ್ತು. ಆದ್ದರಿಂದ ಪರೀಕ್ಷೆ ಮಾಡುವಾಗ 10, 25, 50, 100 ಇಂಥ ಸಂಖ್ಯೆಗಳನ್ನು ಇಡಬೇಡಿ. 7, 13, 37 ಇಡಿ. ಇವು ನಿಮ್ಮ ತಪ್ಪನ್ನು ಮುಚ್ಚಿಡುವುದಿಲ್ಲ.

ನಡುರಾತ್ರಿ:

ಇಷ್ಟೆಲ್ಲ ಬೇಕೇ? ನಾನು ಜೀವದ ಸಾಲಿನ ಕೆಳಗೆ ಯಾವಾಗಲೂ ಕ್ಲ್ಯಾಂಪ್ ಫಂಕ್ಷನ್ ಹಾಕಿಬಿಡುತ್ತೇನೆ. ಜೀವ 0ಗಿಂತ ಕೆಳಗಿಳಿಯುವುದಿಲ್ಲ, 100ಕ್ಕಿಂತ ಮೇಲೇರುವುದಿಲ್ಲ. ಮೈನಸ್ 5 ತಾನಾಗಿಯೇ 0 ಆಗುತ್ತದೆ, == ಕೂಡ ಕೆಲಸ ಮಾಡುತ್ತದೆ. ಒಂದೇ ಸಾಲು.

ಕಾಗದಪೆನ್ನು:

ನಡುರಾತ್ರಿಯವರೇ, ಆ ಸಾಲು ಇರಬೇಕಾದದ್ದೇ, ನನ್ನ ಆಟಗಳಲ್ಲೂ ಇದೆ. ನನ್ನ ತಕರಾರು ಅದನ್ನು ಹಾಕುವ ಹೊತ್ತಿನ ಬಗ್ಗೆ. ಒಂದು ಉದಾಹರಣೆ ಕೊಡುತ್ತೇನೆ, ಇದು ನನ್ನದೇ ಅನುಭವ. ಶೇಕಡಾ ಲೆಕ್ಕವಿಲ್ಲದೆ ನೇರವಾಗಿ ಪೆಟ್ಟು = ಬಲ - ರಕ್ಷಣೆ ಎಂದು ಬರೆದಿದ್ದೆ. ಬಲ 10, ಶತ್ರುವಿನ ರಕ್ಷಣೆ 15. ಪೆಟ್ಟು ಮೈನಸ್ 5. ಜೀವದಿಂದ ಮೈನಸ್ 5 ಕಳೆದರೆ ಐದು ಕೂಡುತ್ತದೆ. ಕತ್ತಿಯಿಂದ ಹೊಡೆದಷ್ಟೂ ಶತ್ರುವಿಗೆ ಆರೋಗ್ಯ! ಆದರೆ ಜೀವವನ್ನು 100ಕ್ಕೆ ಬಂಧಿಸಿದ್ದರಿಂದ, ಪೂರ್ತಿ ಜೀವವಿರುವ ಶತ್ರುವಿನ ಪಟ್ಟಿ ಅಲುಗಾಡುತ್ತಲೇ ಇರಲಿಲ್ಲ. “ರಕ್ಷಣೆ ಹೆಚ್ಚಿದೆ, ಪೆಟ್ಟು ತಾಗುತ್ತಿಲ್ಲ” ಎಂದುಕೊಂಡು ಒಂದು ತಿಂಗಳು ಮುಂದೆ ಸಾಗಿದೆ. ಅರ್ಧ ಜೀವದ ಶತ್ರುವಿಗೆ ಹೊಡೆದ ದಿನ ಸತ್ಯ ಹೊರಬಿತ್ತು.

ಅಲ್ಲಿ ಬೇಕಿದ್ದ ತಿದ್ದುಪಡಿ ಜೀವದ ಸಾಲಿನಲ್ಲಲ್ಲ, ಪೆಟ್ಟಿನ ಸಾಲಿನಲ್ಲಿ: ಬಲದಿಂದ ರಕ್ಷಣೆ ಕಳೆದದ್ದು ಮತ್ತು 0, ಇವೆರಡರಲ್ಲಿ ದೊಡ್ಡದು. ಪ್ರತಿ ಹೊಡೆತಕ್ಕೂ ಏನಾದರೂ ತಾಗಲಿ ಎಂದಿದ್ದರೆ 0 ಬದಲು 1. ಲೆಕ್ಕ ಎಲ್ಲಿ ಹಳಿ ತಪ್ಪಿತೋ ಅಲ್ಲಿಯೇ ತಿದ್ದಬೇಕು. ನಾಲ್ಕು ಸಾಲು ಕೆಳಗೆ ಬೇಲಿ ಹಾಕಿದರೆ ತಪ್ಪು ಸಂಖ್ಯೆ ಒಳಗೇ ಉಳಿದು ಬೇರೆ ಕಡೆ ಹೋಗಿ ಸೇರುತ್ತದೆ.

ನಡುರಾತ್ರಿ:

ಒಪ್ಪುತ್ತೇನೆ. ನನ್ನ ಪೆಟ್ಟಿನ ಸಾಲನ್ನು ಈಗಲೇ ತೆರೆದು ನೋಡಿದೆ, ಅದರಲ್ಲೂ ಕೆಳಮಿತಿ ಇಲ್ಲ. ಈವರೆಗೆ ಯಾವ ಶತ್ರುವಿಗೂ ಆಟಗಾರನ ಬಲಕ್ಕಿಂತ ಹೆಚ್ಚು ರಕ್ಷಣೆ ಕೊಟ್ಟಿಲ್ಲದ ಕಾರಣ ಬಚಾವಾಗಿದ್ದೇನೆ.

ಮೊದಲಹೆಜ್ಜೆ:

ಪೆಟ್ಟು 28 ಬಂದಿತು! ಪಟ್ಟಿಯೂ ಸ್ವಲ್ಪ ಸ್ವಲ್ಪವೇ ಇಳಿಯುತ್ತಿದೆ. ಹಳದಿ ಎಚ್ಚರಿಕೆಗಳು ನಿಜವಾಗಿಯೂ ಇದ್ದವು, ಹನ್ನೊಂದು. ಕೆಂಪು ಇಲ್ಲದಿದ್ದರೆ ಸಾಕು ಎಂದು ಒಮ್ಮೆಯೂ ತೆರೆದು ನೋಡಿರಲಿಲ್ಲ.

ಒಂದು ಸಂದೇಹ. ರಕ್ಷಣೆ 25 ಇಟ್ಟರೆ 25 * 35 / 100 ಎಂದರೆ 8.75 ಆಗಬೇಕು, 8 ಬರುತ್ತಿದೆ. ಅದಕ್ಕೆ 100.0 ಮಾಡಿ, ಎಲ್ಲ ವೇರಿಯಬಲ್‌ಗಳನ್ನೂ ದಶಮಾಂಶಕ್ಕೆ ಬದಲಿಸಿದೆ. ಈಗ ಹೊಸ ತೊಂದರೆ. ಪರದೆಯ ಮೇಲೆ ಜೀವ 0 ಎಂದು ತೋರಿಸುತ್ತದೆ, ಶತ್ರು ಬದುಕಿರುತ್ತಾನೆ.

ಲೆಕ್ಕದಮೇಷ್ಟ್ರು:

ಪರದೆಗೆ ಬರೆಯುವಾಗ ಪೂರ್ಣಾಂಕಕ್ಕೆ ಬದಲಿಸುತ್ತಿದ್ದೀರಿ, ಅಲ್ಲವೇ? ಒಳಗೆ 0.25ರಂಥ ಚೂರು ಜೀವ ಉಳಿದಿರುತ್ತದೆ, ಹೊರಗೆ ಬರೆಯುವಾಗ ಬಿಂದುವಿನ ನಂತರದ್ದು ಕತ್ತರಿಸಿ 0 ಆಗಿದೆ. ತೋರಿಸುವಾಗ ಕತ್ತರಿಸಬೇಡಿ, ಮೇಲಿನ ಪೂರ್ಣಾಂಕಕ್ಕೆ ಏರಿಸಿ. ಅದಕ್ಕೆ ಸೀಲ್ ಎಂಬ ಫಂಕ್ಷನ್ ಇದೆ. 0.25 ಇದ್ದರೆ 1 ಎಂದು ಕಾಣುತ್ತದೆ. ಆಗ ಪರದೆಯ ಮೇಲಿನ 0 ಎಂದರೆ ಸತ್ತಿದ್ದಾನೆ ಎಂದೇ ಅರ್ಥ.

ಪೂರ್ಣಾಂಕವೋ ದಶಮಾಂಶವೋ ಎಂಬುದನ್ನು ನಿಮ್ಮ ಆಟದ ನಿಯಮವೆಂದು ತಿಳಿದು ನೀವೇ ತೀರ್ಮಾನಿಸಿ. ಯಾವುದೂ ತಪ್ಪಲ್ಲ. ಒಂದನ್ನು ಮಾತ್ರ ಬಿಡಬೇಡಿ: ನಡುವೆ ಎಲ್ಲೂ ಪೂರ್ಣಾಂಕಕ್ಕೆ ಇಳಿಸಕೂಡದು, ಲೆಕ್ಕವೆಲ್ಲ ಮುಗಿದ ಮೇಲೆ ಒಂದೇ ಸಲ ಇಳಿಸಬೇಕು. ನಡುನಡುವೆ ಮೂರು ಕಡೆ ಕತ್ತರಿಸಿದರೆ ಮೂರು ಸಲ ನಷ್ಟ. ಒಂದೊಂದು ಪೆಟ್ಟಿನಲ್ಲಿ ಅದು ಕಾಣುವುದಿಲ್ಲ, ನೂರು ಪೆಟ್ಟಿನ ಹೊತ್ತಿಗೆ ಆಟದ ತೂಕವೇ ಬದಲಾಗಿರುತ್ತದೆ.

ದಶಮಾಂಶಕ್ಕೆ ಹೋದ ಮೇಲೆ ಇನ್ನೊಂದು ಎಚ್ಚರ ಬೇಕು. 0.1ನ್ನು ಹತ್ತು ಸಲ ಒಂದೊಂದಾಗಿ ಕೂಡಿ ನೋಡಿ. 1 ಬರುವುದಿಲ್ಲ, 0.9999999999999999 ಬರುತ್ತದೆ. ನಾವು ಹತ್ತರ ಲೆಕ್ಕದವರು, ಯಂತ್ರ ಎರಡರ ಲೆಕ್ಕದ್ದು. ಮೂರನೆಯ ಒಂದು ಭಾಗವನ್ನು ನಾವು 0.333 ಎಂದು ಎಷ್ಟು ದೂರ ಬರೆದರೂ ಮುಗಿಯುವುದಿಲ್ಲವಷ್ಟೇ. ಹಾಗೆಯೇ ಹತ್ತನೆಯ ಒಂದು ಭಾಗ ಯಂತ್ರಕ್ಕೆ ಎಲ್ಲೂ ಮುಗಿಯದ ಸಂಖ್ಯೆ. ಜಾಗ ಮುಗಿದಲ್ಲಿ ನಿಲ್ಲಿಸುತ್ತದೆ. ದಶಮಾಂಶ ಸಂಖ್ಯೆಗಳನ್ನು ಹೀಗೆ ಇಡುವ ಪದ್ಧತಿ 1985ರಲ್ಲಿ ಐಇಇಇ 754 ಎಂಬ ಮಾನಕವಾಗಿ ಬಂದಿತು, ಇಂದು ಹೆಚ್ಚುಕಡಿಮೆ ಎಲ್ಲ ಭಾಷೆಗಳೂ ಅದನ್ನೇ ಅನುಸರಿಸುತ್ತವೆ. ಆದ್ದರಿಂದ ದಶಮಾಂಶ ಸಂಖ್ಯೆಯ ಎದುರು == ಬರೆಯಬೇಡಿ. ಗೊಡೋದಲ್ಲಿ ಹೆಚ್ಚುಕಡಿಮೆ ಸಮವೇ ಎಂದು ಕೇಳುವ ಪ್ರತ್ಯೇಕ ಫಂಕ್ಷನ್ ಇದೆ. ಇನ್ನು ಸಮಯ ಅಳೆಯುವಾಗ “ಮುಗಿಯಿತೇ” ಎಂದು ಕೇಳಲು <= ಒಂದೇ ಸಾಕು.

ಲುವಾಪ್ರಿಯ:

ನಾನು ಆಟ ಕಟ್ಟುವ ವೇದಿಕೆಯಾದ ರೋಬ್ಲಾಕ್ಸ್‌ನಲ್ಲಿ ಬರೆಯುವವನು, ನನ್ನದು ಲುವಾ ವಂಶದ ಭಾಷೆ. ನನ್ನದೂ ಒಂದು ಬಾಗಿಲಿನ ಸಮಸ್ಯೆ ಇತ್ತು, ಈ ಚರ್ಚೆ ಓದಿ ಕಾಗದದ ಮೇಲೆ ಬಿಡಿಸಿದಾಗ ತಿಳಿಯಿತು. ಬೇರೆಯವರಿಗೂ ಆಗಲಿ ಎಂದು ಹೇಳುತ್ತಿದ್ದೇನೆ. ಇಲ್ಲಿ ಲೆಕ್ಕ ತಪ್ಪಿರಲಿಲ್ಲ, ತರ್ಕ ತಪ್ಪಿತ್ತು.

ಕೈ == "ಕೆಂಪು" ಅಥವಾ "ನೀಲಿ" ಆದರೆ: ಬಾಗಿಲು_ತೆರೆ()

ಕೆಂಪು ಅಥವಾ ನೀಲಿ ಬೀಗದ ಕೈ ಇದ್ದರೆ ಬಾಗಿಲು ತೆರೆಯಲಿ ಎಂಬುದು ನನ್ನ ಉದ್ದೇಶ. ಬಾಗಿಲು ಎಲ್ಲರಿಗೂ ತೆರೆಯುತ್ತಿತ್ತು, ಕೈ ಇಲ್ಲದವರಿಗೂ. ಕನ್ನಡದಲ್ಲಿ ಆ ವಾಕ್ಯ ಸರಿಯೇ, ಕೇಳುವವರು ಉಳಿದದ್ದನ್ನು ತುಂಬಿಕೊಳ್ಳುತ್ತಾರೆ. ಯಂತ್ರ ಏನನ್ನೂ ತುಂಬಿಕೊಳ್ಳುವುದಿಲ್ಲ. “ಕೈ ಕೆಂಪೇ?” ಒಂದು ಪ್ರಶ್ನೆ, “ನೀಲಿ?” ಎಂಬುದು ಇನ್ನೊಂದು ಪ್ರಶ್ನೆ. ನೀಲಿ ಎಂಬ ಬರಿಯ ಪದ ಲುವಾಕ್ಕೆ ಯಾವಾಗಲೂ ಸತ್ಯ. ಪೈಥಾನ್‌ನಲ್ಲೂ ಖಾಲಿಯಲ್ಲದ ಪದ ಸತ್ಯವೇ. ಕೈ == "ಕೆಂಪು" ಅಥವಾ ಕೈ == "ನೀಲಿ" ಎಂದು ಎರಡು ಸಲವೂ ಪೂರ್ತಿ ಕೇಳಬೇಕು.

ಅದನ್ನು ಸರಿಪಡಿಸಿ, “ಕೆಂಪು ಅಲ್ಲದಿದ್ದರೆ ಎಚ್ಚರಿಕೆ ತೋರಿಸು” ಎಂಬ ಸಾಲು ಬರೆದೆ: ಅಲ್ಲ ಕೈ == "ಕೆಂಪು". ಎಚ್ಚರಿಕೆ ಎಂದೂ ಬರಲೇ ಇಲ್ಲ. ಲುವಾದಲ್ಲಿ “ಅಲ್ಲ” ಎನ್ನುವುದು ತನ್ನ ಪಕ್ಕದಲ್ಲಿರುವುದನ್ನು ಮೊದಲು ಹಿಡಿಯುತ್ತದೆ. ಅಂದರೆ ಮೊದಲು “ಅಲ್ಲ ಕೈ” ಎಂಬುದು ಸತ್ಯವೋ ಸುಳ್ಳೋ ಆಗಿ, ಆ ಸತ್ಯ ಅಥವಾ ಸುಳ್ಳನ್ನು ಕೆಂಪು ಎಂಬ ಪದಕ್ಕೆ ಹೋಲಿಸುತ್ತದೆ. ಅವೆರಡು ಎಂದೂ ಸಮವಾಗುವುದಿಲ್ಲ. ಪೈಥಾನ್‌ನಲ್ಲಿ ಅದೇ ಸಾಲು ಹೋಲಿಕೆಯನ್ನು ಮೊದಲು ಮಾಡಿ ಆಮೇಲೆ ಅಲ್ಲಗಳೆಯುತ್ತದೆ. ಒಂದೇ ಸಾಲಿಗೆ ಎರಡು ಭಾಷೆಗಳಲ್ಲಿ ಎರಡು ಅರ್ಥ. ಈಗ ನಾನು ಆವರಣ ಹಾಕದೆ ಒಂದೂ ಷರತ್ತು ಬರೆಯುವುದಿಲ್ಲ.

ಲೆಕ್ಕದಮೇಷ್ಟ್ರು:

ಲುವಾಪ್ರಿಯರೇ, ಅದಕ್ಕೆ ಇದನ್ನೂ ಸೇರಿಸಿಕೊಳ್ಳಿ. ಲುವಾದಲ್ಲಿ ಸೊನ್ನೆಯೂ ಸತ್ಯ. ನಿಲ್ (ಏನೂ ಇಲ್ಲ ಎಂಬ ಮೌಲ್ಯ) ಮತ್ತು ಸುಳ್ಳು, ಇವೆರಡು ಮಾತ್ರ ಸುಳ್ಳು. “ಬಾಣ ಉಳಿದಿದ್ದರೆ ಬಿಡು” ಎಂದು ಹೇಳಲು ಬರಿಯ ವೇರಿಯಬಲ್‌ನ ಹೆಸರು ಬರೆದರೆ ಪೈಥಾನ್‌ನಲ್ಲಿ ಸೊನ್ನೆಗೆ ನಿಲ್ಲುತ್ತದೆ, ಲುವಾದಲ್ಲಿ ನಿಲ್ಲುವುದಿಲ್ಲ. ಬಾಣಗಳ ಸಂಖ್ಯೆ > 0 ಎಂದೇ ಬರೆಯಿರಿ.

ಮೊದಲಹೆಜ್ಜೆ:

ಸೀಲ್ ಹಾಕಿದೆ, ಸರಿಹೋಯಿತು. ನಾನು ಪೂರ್ಣಾಂಕಕ್ಕೇ ಮರಳುತ್ತೇನೆ ಎಂದು ತೀರ್ಮಾನಿಸಿದ್ದೇನೆ. ರಕ್ಷಣೆಯ ಕಡಿತದಲ್ಲಿ ಉಳಿದ ಚೂರು ಹೊಡೆಯುವವನಿಗೆ ಸೇರಲಿ, ಅದನ್ನು ನಿಯಮವೆಂದು ಫೈಲಿನ ಮೇಲ್ಭಾಗದಲ್ಲಿ ಬರೆದಿಟ್ಟಿದ್ದೇನೆ.

ನಿಮ್ಮೆಲ್ಲರ ಸಹನೆ ನೋಡಿ ಇನ್ನೆರಡು ಕೇಳುವ ಧೈರ್ಯ ಬಂದಿದೆ. ಪ್ರತಿ ಸಂಖ್ಯೆಯನ್ನೂ ಡೆಲ್ಟಾದಿಂದ ಗುಣಿಸಬೇಕೆಂದು ಒಬ್ಬರು ಹೇಳಿದ್ದರು. ಹಾಗೆ ಮಾಡಿದ ಮೇಲೆ ಆಟಗಾರ ಬಸವನಹುಳುವಿನಂತೆ ತೆವಳುತ್ತಿದ್ದಾನೆ. ವೇಗ 300 ಇದೆ. ಇನ್ನೊಂದು, ನಾಣ್ಯವನ್ನು ಮುಟ್ಟಿದರೆ 10 ಅಂಕ ಬರಬೇಕು. ಒಂದು ಕ್ಷಣ ಅದರ ಮೇಲೆ ನಿಂತರೆ ಆರುನೂರು ಬರುತ್ತದೆ.

ಚೌಕಟ್ಟು:

ಫ್ರೇಮ್ ಎಂದರೆ ಪರದೆಯ ಮೇಲೆ ಮೂಡುವ ಒಂದೊಂದು ಚಿತ್ರ; ಡೆಲ್ಟಾ ಎಂದರೆ ಹಿಂದಿನ ಫ್ರೇಮ್‌ನಿಂದ ಈ ಫ್ರೇಮ್‌ವರೆಗೆ ಕಳೆದ ಸೆಕೆಂಡುಗಳು. “ಎಲ್ಲವನ್ನೂ ಗುಣಿಸು” ಎಂಬ ಮಾತಿನಿಂದ ಎಷ್ಟೋ ಹೊಸಬರು ಹೀಗೆ ತೆವಳಿದ್ದಾರೆ. ಅದರ ಬದಲು ಪ್ರತಿ ಸಂಖ್ಯೆಯ ಪಕ್ಕದಲ್ಲೂ ಅದರ ಮಾನ (ಪಿಕ್ಸೆಲ್, ಸೆಕೆಂಡು ಹೀಗೆ) ಬರೆಯಿರಿ, ಶಾಲೆಯಲ್ಲಿ ಭೌತಶಾಸ್ತ್ರದ ಲೆಕ್ಕ ಮಾಡುವಾಗ ಬರೆಯುತ್ತಿದ್ದ ಹಾಗೆ.

ನೀವೇ ಸ್ಥಾನವನ್ನು ಬದಲಿಸುವುದಾದರೆ: ಸ್ಥಾನ ಪಿಕ್ಸೆಲ್‌ಗಳಲ್ಲಿ, ವೇಗ ಸೆಕೆಂಡಿಗೆ ಇಷ್ಟು ಪಿಕ್ಸೆಲ್. ವೇಗವನ್ನು ಸೆಕೆಂಡಿನಿಂದ ಗುಣಿಸಿದರೆ ಪಿಕ್ಸೆಲ್ ಆಗುತ್ತದೆ, ಅದನ್ನು ಸ್ಥಾನಕ್ಕೆ ಕೂಡಬಹುದು. ಇಲ್ಲಿ ಡೆಲ್ಟಾ ಬೇಕೇ ಬೇಕು. ಅದಿಲ್ಲದೆ ಪ್ರತಿ ಫ್ರೇಮ್‌ಗೆ 5 ಪಿಕ್ಸೆಲ್ ಎಂದು ಬರೆದರೆ, ಸೆಕೆಂಡಿಗೆ 60 ಫ್ರೇಮ್ ತೋರಿಸುವ ಯಂತ್ರದಲ್ಲಿ 300 ಪಿಕ್ಸೆಲ್, 144 ತೋರಿಸುವ ಯಂತ್ರದಲ್ಲಿ 720 ಪಿಕ್ಸೆಲ್ ಓಡುತ್ತಾನೆ.

ನೀವು ಬಳಸುತ್ತಿರುವುದು ಆಟಗಾರನನ್ನು ಸರಿಸುವ ಮೂವ್ ಅಂಡ್ ಸ್ಲೈಡ್ ಫಂಕ್ಷನ್ ಎಂದು ನನ್ನ ಊಹೆ. ಗೊಡೋ 4ರಲ್ಲಿ ಅದು ವೆಲಾಸಿಟಿಯನ್ನು (ವೇಗವನ್ನು) ಓದಿಕೊಂಡು ಡೆಲ್ಟಾದ ಗುಣಾಕಾರವನ್ನು ತಾನೇ ಮಾಡುತ್ತದೆ. ನೀವೂ ಮಾಡಿದರೆ ಎರಡು ಸಲ ಆಯಿತು. ಭೌತಿಕ ಲೆಕ್ಕ ಸೆಕೆಂಡಿಗೆ 60 ಸಲ ನಡೆಯುವುದರಿಂದ 300ನ್ನು 60ರಿಂದ ಭಾಗಿಸಿದಂತಾಗಿ ಸೆಕೆಂಡಿಗೆ ಐದೇ ಪಿಕ್ಸೆಲ್. ಅದೇ ನಿಮ್ಮ ಬಸವನಹುಳು. ವೆಲಾಸಿಟಿಗೆ 300ನ್ನೇ ಕೊಡಿ.

ಆದರೆ ಗುರುತ್ವದ ಸಾಲಿನಿಂದ ಡೆಲ್ಟಾ ತೆಗೆಯಬೇಡಿ! ಮುಂದೆ ನೆಗೆಯುವ ಆಟ ಮಾಡುವಾಗ ಬೇಕಾಗುತ್ತದೆ. ಗುರುತ್ವ ಎಂದರೆ ಪ್ರತಿ ಸೆಕೆಂಡಿಗೆ ವೇಗ ಎಷ್ಟು ಹೆಚ್ಚುತ್ತದೆ ಎಂಬುದು. ಗೊಡೋದ ಎರಡು ಆಯಾಮದ ಆಟಗಳಲ್ಲಿ ಮೊದಲೇ ಇಟ್ಟಿರುವ ಮೌಲ್ಯ 980. ಅದನ್ನು ಸೆಕೆಂಡಿನಿಂದ ಗುಣಿಸಿದಾಗ ಸಿಗುವುದು ವೇಗ, ಅದನ್ನು ವೇಗಕ್ಕೆ ಕೂಡಬಹುದು. ಮಾನ ಹೊಂದಿದರೆ ಡೆಲ್ಟಾ ಸರಿಯಾದ ಜಾಗದಲ್ಲಿದೆ, ಹೊಂದದಿದ್ದರೆ ಇಲ್ಲ. ಬೇರೆ ಯಾವ ಸೂತ್ರವನ್ನೂ ಕಂಠಪಾಠ ಮಾಡಬೇಕಿಲ್ಲ.

ನಾಣ್ಯದ ವಿಷಯ. ನೀವು ಪ್ರತಿ ಫ್ರೇಮ್‌ನಲ್ಲೂ “ಆಟಗಾರ ನಾಣ್ಯದ ಮೇಲಿದ್ದಾನೆಯೇ” ಎಂದು ಕೇಳಿ ಹತ್ತು ಕೂಡುತ್ತಿದ್ದೀರಿ. ಒಂದು ಸೆಕೆಂಡು ನಿಂತರೆ 60 ಸಲ ಹೌದು, 600 ಅಂಕ. ಮೇಲೆ ಇರುವುದು ಒಂದು ಸ್ಥಿತಿ, ಒಳಗೆ ಬಂದದ್ದು ಒಂದು ಘಟನೆ. ಅಂಕ ಕೊಡಬೇಕಾದದ್ದು ಘಟನೆಗೆ. ಒಳಗೆ ಬಂದಾಗ ಒಮ್ಮೆ ಮಾತ್ರ ಬರುವ ಸಿಗ್ನಲ್ ಇದೆ, ಅದಕ್ಕೆ ಜೋಡಿಸಿ. ಅದರ ಜೊತೆಗೆ “ಈಗಾಗಲೇ ಆರಿಸಲಾಗಿದೆ” ಎಂಬ ಒಂದು ಸತ್ಯ-ಸುಳ್ಳಿನ ವೇರಿಯಬಲ್ ಇಟ್ಟು, ಅಂಕ ಕೂಡುವ ಮೊದಲೇ ಅದನ್ನು ಸತ್ಯ ಮಾಡಿಬಿಡಿ. ನಾಣ್ಯ ಪರದೆಯಿಂದ ಅಳಿಯುವುದು ಆ ಫ್ರೇಮ್‌ನ ಕೊನೆಗೆ, ಅಷ್ಟರೊಳಗೆ ಎರಡನೆಯ ಸಲ ಎಣಿಕೆಯಾಗದಂತೆ ಇದು ತಡೆಯುತ್ತದೆ.

ಬಾಣಬಿಲ್ಲು:

ಚೌಕಟ್ಟು ಅವರ ಮಾನದ ವಿಚಾರ ಓದಿ ನನ್ನ ಹಳೆಯ ಮೂರು ಸ್ಕ್ರಿಪ್ಟ್ ತೆರೆದೆ. ಎರಡರಲ್ಲಿ ಡೆಲ್ಟಾ ತಪ್ಪು ಜಾಗದಲ್ಲಿತ್ತು. ಧನ್ಯವಾದ.

ಮೊದಲಹೆಜ್ಜೆ:

ಆಟಗಾರ ಓಡುತ್ತಿದ್ದಾನೆ, ನಾಣ್ಯ ಹತ್ತೇ ಕೊಡುತ್ತಿದೆ.

ಕೊನೆಯದಾಗಿ ಒಂದೇ ಒಂದು. ಶತ್ರು ಸತ್ತಾಗ ಔಷಧ ಶೇಕಡಾ 50, ಬಾಣ 30, ರತ್ನ 20 ಬೀಳಬೇಕು. ರತ್ನ ಬಹಳ ಅಪರೂಪವಾಗಿ ಬೀಳುತ್ತಿದೆ ಎಂದು ನನಗೆ ಅನಿಸುತ್ತಿದೆ. ಇದು ಬರಿಯ ಅದೃಷ್ಟವೋ ತಪ್ಪೋ ತಿಳಿಯುತ್ತಿಲ್ಲ. ಚೀಟಿ_ಎತ್ತು ಎಂಬುದು 1ರಿಂದ 100ರೊಳಗೆ, ಎರಡೂ ತುದಿ ಸೇರಿ, ಒಂದು ಸಂಖ್ಯೆ ಕೊಡುತ್ತದೆ.

ಚೀಟಿ_ಎತ್ತು(1, 100) <= 50 ಆದರೆ: ಔಷಧ
ಇಲ್ಲವೇ ಚೀಟಿ_ಎತ್ತು(1, 100) <= 80 ಆದರೆ: ಬಾಣ
ಇಲ್ಲದಿದ್ದರೆ: ರತ್ನ

ನಡುರಾತ್ರಿ:

80ನ್ನು 60ಕ್ಕೆ ಇಳಿಸಿ ಆಡಿ ನೋಡಿ. ರತ್ನ ಸಾಕಷ್ಟು ಬೀಳುತ್ತದೆ ಎನ್ನುವವರೆಗೆ ಹೊಂದಿಸಿಕೊಳ್ಳಿ.

ಕಾಗದಪೆನ್ನು:

ನಡುರಾತ್ರಿಯವರ ಸಲಹೆಯಂತೆ 60 ಇಟ್ಟರೆ ಲೆಕ್ಕ ಆಕಸ್ಮಿಕವಾಗಿ ಸರಿಯಾಗಿಯೇ ಬರುತ್ತದೆ. ಉಳಿದ 50ರಲ್ಲಿ ಶೇಕಡಾ 60 ಎಂದರೆ 30, ಮಿಕ್ಕಿದ್ದು 20. ಆದರೂ ಅದು ಬೇಡ ಎನ್ನುತ್ತೇನೆ. ನಾಳೆ ನಾಲ್ಕನೆಯ ವಸ್ತು ಸೇರಿಸಿದಾಗ, ಆ 60 ಎಲ್ಲಿಂದ ಬಂದಿತೆಂದು ನಿಮಗೇ ನೆನಪಿರುವುದಿಲ್ಲ.

ತಪ್ಪು ಇರುವುದು ಚೀಟಿಯಲ್ಲಿ. ನೀವು ಎರಡು ಸಲ ಚೀಟಿ ಎತ್ತುತ್ತಿದ್ದೀರಿ. ಮೊದಲ ಚೀಟಿ 50ಕ್ಕಿಂತ ಹೆಚ್ಚಾಗಿದ್ದರೆ ಅದನ್ನು ಎಸೆದು ಹೊಸ ಚೀಟಿ ಎತ್ತಿ 80ಕ್ಕೆ ಹೋಲಿಸುತ್ತೀರಿ. ಹೊಸ ಚೀಟಿಗೆ ಹಳೆಯದರ ನೆನಪಿಲ್ಲ. ಆದ್ದರಿಂದ ಉಳಿದ ಅರ್ಧದಲ್ಲಿ ಶೇಕಡಾ 80 ಬಾಣಕ್ಕೆ ಹೋಗುತ್ತದೆ, ಅಂದರೆ ಒಟ್ಟು 40. ರತ್ನಕ್ಕೆ ಉಳಿದದ್ದು 10. ನಿಮಗೆ ಅನಿಸಿದ್ದು ನಿಜ, ಬೀಳಬೇಕಾದ ಅರ್ಧದಷ್ಟೇ ಬೀಳುತ್ತಿದೆ.

ಒಂದೇ ಸಲ ಎತ್ತಿ, ಕೈಯಲ್ಲಿ ಹಿಡಿದುಕೊಳ್ಳಿ:

ಚೀಟಿ = ಚೀಟಿ_ಎತ್ತು(1, 100)
ಚೀಟಿ <= 50 ಆದರೆ: ಔಷಧ
ಇಲ್ಲವೇ ಚೀಟಿ <= 80 ಆದರೆ: ಬಾಣ
ಇಲ್ಲದಿದ್ದರೆ: ರತ್ನ

ಈಗ 1ರಿಂದ 50 ಔಷಧ, 51ರಿಂದ 80 ಬಾಣ, 81ರಿಂದ 100 ರತ್ನ. ಸಾಲುಗಳ ಕ್ರಮ ಕೆಡಿಸಬೇಡಿ. 80ರ ಸಾಲು ಮೊದಲು ಬಂದರೆ ಯಾವ ಚೀಟಿಗೂ ಔಷಧ ಬೀಳುವುದಿಲ್ಲ. <= ಬದಲು < ಬರೆದರೆ ಔಷಧ ಶೇಕಡಾ 49ಕ್ಕೆ ಇಳಿಯುತ್ತದೆ. ಮುಂದೆಂದಾದರೂ ಯೂನಿಟಿ ಎಂಬ ಇನ್ನೊಂದು ಎಂಜಿನ್ನಿಗೆ ಹೋದರೆ, ಅಲ್ಲಿ ಪೂರ್ಣಾಂಕಗಳ ಚೀಟಿಗೆ ಮೇಲಿನ ತುದಿ ಸೇರುವುದಿಲ್ಲ, 1 ಮತ್ತು 100 ಎಂದು ಕೊಟ್ಟರೆ 99ರವರೆಗೆ ಮಾತ್ರ ಬರುತ್ತದೆ.

ಅದೃಷ್ಟವೋ ತಪ್ಪೋ ಎಂಬ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು. ಹತ್ತು ಶತ್ರುಗಳನ್ನು ಕೊಂದು ನೋಡಿದರೆ ಅದಕ್ಕೆ ಉತ್ತರ ಸಿಗುವುದಿಲ್ಲ, ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಸಾಲು) ಬರೆದರೆ ಸಿಗುತ್ತದೆ. ಆಟವನ್ನು ಬದಿಗಿಟ್ಟು, ವಸ್ತು ಆರಿಸುವ ಫಂಕ್ಷನ್ ಒಂದನ್ನೇ 10000 ಸಲ ಕರೆದು ಯಾವುದು ಎಷ್ಟು ಬಿದ್ದಿತೆಂದು ಎಣಿಸಿ ಪ್ರಿಂಟ್ ಮಾಡಿ. ಹಳೆಯದನ್ನೂ ಹೊಸದನ್ನೂ ಓಡಿಸಿ. ಓಡಿಸುವ ಮೊದಲೇ ನಿಮ್ಮ ನಿರೀಕ್ಷೆಯನ್ನು ಕಾಗದದ ಮೇಲೆ ಬರೆದಿಡಿ, ಇದನ್ನು ಮರೆಯಬೇಡಿ. ಉತ್ತರ ನೋಡಿದ ಮೇಲೆ ಬರೆದ ನಿರೀಕ್ಷೆ ನಿರೀಕ್ಷೆಯಲ್ಲ.

ಲೆಕ್ಕದಮೇಷ್ಟ್ರು:

ಎಣಿಸುವುದರ ಜೊತೆಗೆ ತುದಿಗಳನ್ನೂ ಕೈಯಾರೆ ಕೊಟ್ಟು ನೋಡಿ. ಚೀಟಿ 1, 50, 51, 80, 81, 100 ಆದಾಗ ಏನು ಬೀಳುತ್ತದೆ? ತರ್ಕದ ತಪ್ಪುಗಳು ನಡುವಿನ ಸಂಖ್ಯೆಗಳಲ್ಲಿ ಸಿಗುವುದು ಕಡಿಮೆ, ಅಂಚಿನಲ್ಲಿ ಕಾಯುತ್ತಿರುತ್ತವೆ. 1980ರ ಪ್ಯಾಕ್‌ಮ್ಯಾನ್ ಆಟದಲ್ಲಿ ಹಂತದ ಸಂಖ್ಯೆಯನ್ನು ಒಂದು ಬೈಟ್‌ನಲ್ಲಿ ಇಟ್ಟಿದ್ದರು, ಅದರಲ್ಲಿ ಹಿಡಿಯುವುದು 255ರವರೆಗೆ. 255ನೇ ಹಂತದವರೆಗೆ ಎಲ್ಲವೂ ಸರಿ. 256ನೇ ಹಂತದಲ್ಲಿ ಆ ಸಂಖ್ಯೆ ಉರುಳಿ ಸೊನ್ನೆಯಾಗಿ, ಕೆಳಗೆ ಹಣ್ಣುಗಳನ್ನು ಬಿಡಿಸುವ ಭಾಗ ಲೆಕ್ಕ ತಪ್ಪಿ ಪರದೆಯ ಬಲ ಅರ್ಧವನ್ನು ಅಕ್ಷರಗಳ ರಾಶಿಯಿಂದ ತುಂಬಿಬಿಡುತ್ತದೆ. ಅಲ್ಲಿಂದ ಮುಂದೆ ಆಡಲು ಆಗುವುದಿಲ್ಲ. ಅಷ್ಟು ದೂರ ಯಾರೂ ಆಡಲಾರರು ಎಂದುಕೊಂಡ ಅಂಚನ್ನು ಆಟಗಾರರು ಮುಟ್ಟಿಯೇ ಮುಟ್ಟಿದರು.

ಮೊದಲಹೆಜ್ಜೆ:

ನಿನ್ನೆ ರಾತ್ರಿ ಕೂತು ಎಲ್ಲವನ್ನೂ ಮಾಡಿದೆ. ಹಳೆಯ ಸಾಲುಗಳಿಗೆ ಕಾಗದದ ಮೇಲೆ 5000, 4000, 1000 ಎಂದು ಬರೆದುಕೊಂಡು ಓಡಿಸಿದೆ. ಔಷಧ 4987, ಬಾಣ 4022, ರತ್ನ 991 ಬಂದಿತು. ಹೊಸ ಸಾಲುಗಳಿಗೆ 5000, 3000, 2000 ಬರೆದುಕೊಂಡೆ. 5021, 2969, 2010. ಎರಡು ಸಲವೂ ಕಾಗದ ಹೇಳಿದ್ದೇ ಪರದೆಯ ಮೇಲೆ ಬಂದಾಗ ಆದ ಸಂತೋಷವನ್ನು ಹೇಗೆ ಹೇಳಲಿ! ಆಟ ಚೆನ್ನಾಗಿ ಓಡಿದಾಗಲೂ ಇಷ್ಟು ಸಂತೋಷವಾಗಿರಲಿಲ್ಲ.

ತುದಿಗಳ ಪರೀಕ್ಷೆಯಲ್ಲಿ ಇನ್ನೊಂದು ಸಿಕ್ಕಿತು. ಅನುಭವದ ಅಂಕ 100 ದಾಟಿದರೆ ಹಂತ ಒಂದು ಏರಿ ಅಂಕದಿಂದ 100 ಕಳೆಯಬೇಕು. ಒಮ್ಮೆಲೇ 250 ಕೊಟ್ಟು ನೋಡಿದೆ. ಹಂತ ಒಂದೇ ಏರಿತು, ಅಂಕ 150ರಲ್ಲಿ ನಿಂತಿತು. ಕಾಗದದ ಮೇಲೆ ಬಿಡಿಸಿದಾಗ, ನಾನು ಒಂದೇ ಸಲ ಕೇಳುತ್ತಿದ್ದೇನೆ ಎಂಬುದು ಕಂಡಿತು. “ಆದರೆ” ಎಂಬ ಷರತ್ತನ್ನು “ಇರುವವರೆಗೆ” ಎಂಬ ಲೂಪ್‌ಗೆ ಬದಲಿಸಿದೆ. ಈಗ ಹಂತ ಎರಡು ಏರಿ ಅಂಕ 50 ಉಳಿಯುತ್ತದೆ. ಸರಿಯಾಗಿ 100 ಕೊಟ್ಟಾಗಲೂ ನೋಡಿದೆ, > ಎಂದು ಬರೆದಿದ್ದೆ, >= ಮಾಡಿದೆ.

ಕಾಗದಪೆನ್ನು:

ಆ ಎರಡನ್ನೂ ನೀವೇ ಹಿಡಿದಿರಿ. ಬಹಳ ಸಂತೋಷ.

ಒಂದು ಕೇಳುತ್ತೇನೆ: ಹಂತ ಏರಲು ಬೇಕಾದ ಅಂಕವನ್ನು ಬೇರೊಂದು ವೇರಿಯಬಲ್‌ನಲ್ಲಿ ಇಟ್ಟಿದ್ದೀರಾ? ಅದು ಯಾವ ಕಾರಣಕ್ಕಾದರೂ 0 ಆದರೆ ಆ ಲೂಪ್ ಎಂದೂ ಮುಗಿಯುವುದಿಲ್ಲ, ಆಟ ಅಲ್ಲೇ ಹೆಪ್ಪುಗಟ್ಟುತ್ತದೆ.

ಮೊದಲಹೆಜ್ಜೆ:

ಇಟ್ಟಿದ್ದೇನೆ, ಹಂತದ ಸಂಖ್ಯೆಯನ್ನು 100ರಿಂದ ಗುಣಿಸಿ. ಹಂತ 0ಯಿಂದ ಶುರುವಾಗುತ್ತದೆ! ಮೊದಲ ಹಂತಕ್ಕೆ ಬೇಕಾದದ್ದು 0 ಎಂದಾಗುತ್ತದೆ. ನನ್ನ ಪರೀಕ್ಷೆಯಲ್ಲಿ ನೇರವಾಗಿ 100 ಎಂದು ಕೊಟ್ಟಿದ್ದರಿಂದ ಕಂಡಿರಲಿಲ್ಲ. ಹಂತ 0 ಇದ್ದಾಗ ಬೇಕಾದ ಅಂಕ 0, ಅಂಕ 0, 0 >= 0 ಸತ್ಯ, 0 ಕಳೆದರೆ ಅಂಕ 0, ಹಂತ 1. ಮುಂದಿನ ಸುತ್ತಿಗೆ ಬೇಕಾದದ್ದನ್ನು ಲೂಪ್‌ನ ಹೊರಗೆ ಲೆಕ್ಕ ಹಾಕಿರುವುದರಿಂದ ಅದು 0 ಆಗಿಯೇ ಉಳಿಯುತ್ತದೆ, ಹಾಗಾಗಿ ನಿಲ್ಲುವುದೇ ಇಲ್ಲ. ಆ ಸಾಲನ್ನು ಲೂಪ್‌ನ ಒಳಗೆ ತಂದು, ಹಂತವನ್ನು 1ರಿಂದ ಶುರುಮಾಡುತ್ತೇನೆ. ಕಾಗದ ಇನ್ನೂ ಮೇಜಿನ ಮೇಲೇ ಇದೆ, ಹಂತ 1, ಅಂಕ 350 ಇಟ್ಟು ಬಿಡಿಸುತ್ತಿದ್ದೇನೆ: 100 ಹೋಗಿ 250, 200 ಹೋಗಿ 50. ಹಂತ 3 ಬರಬೇಕು.

ಬಂದಿತು.